ಕೆಳಗಿನ ಮೇಜಿನ ಸಿಸ್ಟರ್ ಜೀಟಾ

ಚಿಕ್ಕಜಾಲದಿಂದ ಎರಡು ಮೈಲಿ ಒಳಕ್ಕೆ, ರಾಗಿ ಹೊಲಗಳ ನಡುವೆ ಇದ್ದ ಆ ಊರಿನಲ್ಲಿ ಕ್ರೈಸ್ತರ ಮನೆಗಳು ಏಳೇ ಏಳು. ಬಿತ್ತನೆ, ಕೊಯ್ಲು, ಮದುವೆ, ಸಾವು ಎಲ್ಲದರಲ್ಲೂ ಅವರು ಊರಿನ ಉಳಿದವರಂತೆಯೇ ಇದ್ದರು. ಭಾನುವಾರ ಮಾತ್ರ ಗಾಡಿ ಕಟ್ಟಿಕೊಂಡು ಪೂಜೆಗೆ ಹೋಗಿ ಬರುತ್ತಿದ್ದರು. ಆ ಏಳರಲ್ಲಿ ಒಂದು ಮನೆಯ ಮಗಳು ಇನ್ನಾಸಮ್ಮ.

ಅವಳ ತಂದೆ ರಾಯಪ್ಪ ತರಕಾರಿ ಬೆಳೆಯುವುದರಲ್ಲಿ ಎತ್ತಿದ ಕೈ. ಅದಕ್ಕಿಂತ ಹೆಚ್ಚಾಗಿ, ಬಾವಿಗೆ ಜಾಗ ತೋರಿಸುವವನೆಂದು ಸುತ್ತಲಿನ ಹಳ್ಳಿಗಳಲ್ಲಿ ಅವನ ಹೆಸರಿತ್ತು. ತೆಂಗಿನಕಾಯಿ ಹಿಡಿದು ತಿರುಗುವ, ಮಂತ್ರ ಹಾಕುವ ಪೈಕಿ ಅವನಲ್ಲ. ಬೇಸಿಗೆಯ ನಡುವೆ ನಾಲ್ಕು ದಿನ ಕರೆಸಿದವರ ಹೊಲದಲ್ಲಿ ಸುಮ್ಮನೆ ಅಡ್ಡಾಡುವನು. ಯಾವ ಗಿಡ ಇನ್ನೂ ಹಸಿರಾಗಿದೆ, ಹುತ್ತ ಎಲ್ಲಿ ಎದ್ದಿದೆ, ದನ ಎಲ್ಲಿ ಹುಡುಕಿಕೊಂಡು ಹೋಗಿ ಮಲಗುತ್ತದೆ ಎಂದು ನೋಡುವನು. ಐದನೆಯ ದಿನ ಒಂದು ಗೂಟ ಹೊಡೆದು ಮನೆಗೆ ಬರುವನು. ಮೂರನೆಯ ತರಗತಿಗೇ ಶಾಲೆ ಬಿಟ್ಟಿದ್ದ ಇನ್ನಾಸಮ್ಮ ಅವನ ಹಿಂದೆ ಹಿಂದೆ ಸುತ್ತುತ್ತಿದ್ದಳು. ಅವಳಿಗೆ ಸಿಕ್ಕ ಉಳಿದ ಓದು ಅದೇ. ಹದಿನಾರು ತುಂಬುವ ಹೊತ್ತಿಗೆ ತಂದೆ ತೀರಿಕೊಂಡ. ಮನೆ ಅಣ್ಣ ಚಿನ್ನಪ್ಪನ ಕೈಗೆ ಬಂತು.

1951ರಲ್ಲಿ ಕೋಗಿಲು ಗ್ರಾಮದ ಆಚೆಯ ಕಲ್ಲುದಿಣ್ಣೆಯ ಮೇಲೆ ಕನ್ಯಾಸ್ತ್ರೀಯರು ಒಂದು ಮಠ ಕಟ್ಟಿಸಿದರು. ಹೆಂಚಿನ ಉದ್ದನೆಯ ಕಟ್ಟಡ, ತಲೆಬಾಗಿಲ ಮೇಲೆ ಶಿಲುಬೆ, ಪಕ್ಕದಲ್ಲೊಂದು ಹೆಣ್ಣುಮಕ್ಕಳ ಶಾಲೆ. ಸುತ್ತ ಒಂದು ಮರವೂ ಇಲ್ಲ. ಊರವರು ಅದನ್ನು ದಿಣ್ಣೆ ಮಠ ಎಂದು ಕರೆದರು. ವಾರಕ್ಕೆರಡು ಸಲ ಅಲ್ಲಿಗೆ ತರಕಾರಿ ಮುಟ್ಟಿಸುವುದು ಚಿನ್ನಪ್ಪನ ಪಾಲಿಗೆ ಬಂತು. ಗಾಡಿ ಹೊಡೆಯುವುದು ಅವನು, ಕುಕ್ಕೆ ಹೊತ್ತು ಅಡಿಗೆಮನೆಗೆ ಇಳಿಸುವುದು ಇನ್ನಾಸಮ್ಮ.

ಅಡಿಗೆಮನೆಯ ಜಗಲಿಯಲ್ಲಿ ಕೂತು ಅವಳು ನೋಡುತ್ತಿದ್ದಳು. ಇಪ್ಪತ್ತೆಂಟು ಹೆಂಗಸರು ಒಂದೇ ಸೂರಿನ ಕೆಳಗೆ. ಯಾರೂ ಯಾರನ್ನೂ ಕೂಗಿ ಕರೆಯುವುದಿಲ್ಲ. ಗಂಟೆ ಹೊಡೆದರೆ ಹಿಟ್ಟು ನಾದುತ್ತಿದ್ದವಳು ಅರ್ಧಕ್ಕೇ ಬಿಟ್ಟು ಕೈ ತೊಳೆದು ಹೊರಡುವಳು, ಬಟ್ಟೆ ಹಿಂಡುತ್ತಿದ್ದವಳು ಬಕೆಟ್ಟಿನಲ್ಲೇ ಬಿಟ್ಟು ಹೊರಡುವಳು. ಐದು ನಿಮಿಷದಲ್ಲಿ ಎಲ್ಲರೂ ದೇವಾಲಯದಲ್ಲಿ ಸಾಲಾಗಿ ನಿಂತಿರುವರು. ನಾಟಿ ಹಾಕುವಾಗ ಹೆಂಗಸರೆಲ್ಲ ಒಂದೇ ಸಮನೆ ಬಗ್ಗಿ ಏಳುವುದನ್ನು ನೋಡಿದ್ದವಳಿಗೆ ಇದು ಹೊಸದೆನ್ನಿಸಲಿಲ್ಲ, ಆದರೆ ಬಹಳ ಹಿಡಿಸಿತು. ಒಂದು ದಿನ ಅವಳಿಗೆ ತಾನೂ ಆ ಸಾಲಿನಲ್ಲಿ ಇರಬೇಕು ಅನ್ನಿಸಿತು. ಎರಡನೆಯ ದಿನವೂ ಅನ್ನಿಸಿತು. ಮೂರು ತಿಂಗಳು ಬಿಡದೆ ಅನ್ನಿಸಿದ ಮೇಲೆ ಅಣ್ಣನಿಗೆ ಹೇಳಿದಳು.

ಚಿನ್ನಪ್ಪ ಆಗಷ್ಟೇ ದೇವನಹಳ್ಳಿ ಕಡೆಯ ಒಂದು ಸಂಬಂಧ ನೋಡಿ ಬಂದಿದ್ದ. ಅವನು ಗಾಡಿ ನಿಲ್ಲಿಸಿಬಿಟ್ಟ.

“ಅಲ್ಲಿ ಏನ್ ಮಾಡ್ತೀಯ ನೀನು? ಅವರೆಲ್ಲ ಓದಿರೋರು. ಇಂಗ್ಲೀಷ್ ಮಾತಾಡ್ತಾರೆ.”

“ಎಮ್ಮೆ ಕರಿಯೋಕೆ ಇಂಗ್ಲೀಷ್ ಬೇಕೇನಣ್ಣ?”

“ಮನೇಲಿ ಎಮ್ಮೆ ಇಲ್ವಾ? ಇಲ್ಲೇ ಕರಿ.”

“ಇಲ್ಲಿ ಇಷ್ಟು ವರ್ಸ ಕರ್ದಿಲ್ವಾ? ಇನ್ನು ಅಲ್ಲಿ ಕರೀತೀನಿ,” ಎಂದಳು ಇನ್ನಾಸಮ್ಮ.

ಚಿನ್ನಪ್ಪ ಎಂಟು ದಿನ ಮಾತಾಡಲಿಲ್ಲ. ಒಂಬತ್ತನೆಯ ದಿನ ತಾನೇ ಗಾಡಿ ಕಟ್ಟಿ, ಅವಳ ಟ್ರಂಕನ್ನು ಹಿಂದಿಟ್ಟು, ದಿಣ್ಣೆ ಮಠದ ಬಾಗಿಲಲ್ಲಿ ಬಿಟ್ಟು ಬಂದ. ಅವಳಿಗಾಗ ಇಪ್ಪತ್ತು ವರ್ಷ.

ಮಠದ ಹಿರಿಯರು ಮದರ್ ಕ್ಲೊಟಿಲ್ಡಾ. ಫ್ರಾನ್ಸಿನವರು. ಇಪ್ಪತ್ತು ವರ್ಷದಿಂದ ಈ ಸೀಮೆಯಲ್ಲಿದ್ದು ಕನ್ನಡವನ್ನು ಪುಸ್ತಕದಿಂದ ಕಲಿತಿದ್ದರು. ಆಡಿದರೆ ಅಚ್ಚು ಹಾಕಿದಂತೆ ಆಡುವರು.

“ನೀನು ಏತಕ್ಕಾಗಿ ಇಲ್ಲಿಗೆ ಬರಲು ಇಚ್ಛಿಸುವೆ?” ಎಂದು ಕೇಳಿದರು.

“ಇಲ್ಲಿ ಇರ್ಬೇಕು ಅನ್ನುಸ್ತದೆ, ಮದರ್. ದೇವರ ಕೆಲಸ ಪೂರ್ತಿ ಏನು ಅಂತ ನಂಗೆ ಗೊತ್ತಿಲ್ಲ. ಕಲ್ತುಕೊತೀನಿ. ಬಾಕಿ ಕೆಲಸ ಎಲ್ಲ ಬತ್ತದೆ.”

ಮದರ್ ಮಠದ ಕಟ್ಟಳೆಯನ್ನು ಬಿಡಿಸಿ ಹೇಳಿದರು. ಮಠದಲ್ಲಿ ಎರಡು ಬಗೆಯ ಸಿಸ್ಟರುಗಳು. ಓದಿದವರು ಶಾಲೆಯಲ್ಲಿ ಪಾಠ ಹೇಳುವರು, ದಿನಕ್ಕೆ ಏಳು ಹೊತ್ತು ಲತೀನ್ ಭಾಷೆಯಲ್ಲಿ ಕೀರ್ತನೆಗಳನ್ನು ಹಾಡುವರು, ಮಠದ ವಿಷಯ ಬಂದಾಗ ಸಭೆಯಲ್ಲಿ ಕೂತು ತೀರ್ಮಾನ ಮಾಡುವರು. ಓದದವರು ಅಡಿಗೆ, ಬಟ್ಟೆ, ದನ, ತೋಟ ನೋಡಿಕೊಳ್ಳುವರು. ಕೀರ್ತನೆಯ ಬದಲು ಪರಲೋಕದ ತಂದೆಯ ಪ್ರಾರ್ಥನೆಯನ್ನು ಮಣಿ ಎಣಿಸುತ್ತ ಹೇಳುವರು. ಅವರಿಗೆ ಸಭೆಯಲ್ಲಿ ಜಾಗವಿಲ್ಲ, ಮತವಿಲ್ಲ. ಊಟದ ಕೋಣೆಯಲ್ಲಿ ಅವರ ಮೇಜು ಬೇರೆ, ಬಾಗಿಲ ಪಕ್ಕದ್ದು; ಅದಕ್ಕೆ ಕೆಳಗಿನ ಮೇಜು ಎಂದು ಹೆಸರು.

“ಆಯ್ತು ಮದರ್,” ಎಂದಳು ಇನ್ನಾಸಮ್ಮ.

ಹೀಗೆ ಅವಳು ಸಿಸ್ಟರ್ ಜೀಟಾ ಆದಳು. ಹೊಸ ಹೆಸರು ಕೊಟ್ಟವರು ಮದರ್. ಒಳಗಿನವರು ಹಾಗೆ ಕರೆದರು. ಹೊರಗೆ ಸುತ್ತಲಿನ ಜನಕ್ಕೆ ಅವಳು ಕೊನೆಯವರೆಗೂ ಇನ್ನಾಸಮ್ಮನೇ.

ಮಠದ ದಿನ ಬೆಳಗಿನ ಐದಕ್ಕೆ ಗಂಟೆಯಿಂದ ಶುರು. ಹಿಂದಿನ ರಾತ್ರಿಯ ಪ್ರಾರ್ಥನೆಯಿಂದ ಮರುದಿನದ ತಿಂಡಿಯವರೆಗೂ ಯಾರೂ ಮಾತಾಡುವಂತಿಲ್ಲ. ಹಗಲಿನಲ್ಲೂ ಕೆಲಸಕ್ಕೆ ಬೇಕಾದಷ್ಟೇ ಮಾತು. ಊಟದ ಹೊತ್ತಿಗೆ ಒಬ್ಬರು ಪೀಠದ ಮೇಲೆ ನಿಂತು ಸಂತರ ಚರಿತ್ರೆ ಓದುವರು, ಉಳಿದವರು ಕೇಳುತ್ತ ಉಣ್ಣುವರು. ಉಪ್ಪು ಬೇಕಾದರೆ ಬೆರಳಿನಲ್ಲಿ ಸನ್ನೆ. ಮಧ್ಯಾಹ್ನ ಒಂದು ಗಂಟೆ ಮಾತ್ರ ಎಲ್ಲರೂ ಬಟ್ಟೆಗೆ ತೇಪೆ ಹಾಕುತ್ತ ಬಾಯಿ ತುಂಬ ಮಾತಾಡಬಹುದು, ನಗಬಹುದು. ಆದರೆ ಓದಿದ ಮೇಲಿನವರು ಒಳಗಿನ ಪಡಸಾಲೆಯಲ್ಲಿ, ಕೆಲಸದವರು ಹಿತ್ತಲ ಜಗಲಿಯಲ್ಲಿ.

ಒಂದು ಕಟ್ಟಳೆ ಇನ್ನಾಸಮ್ಮನಿಗೆ ಮೊದಲ ದಿನವೇ ಒಗ್ಗಿತು. ಮಠದಲ್ಲಿ ನನ್ನದು ಎನ್ನುವಂತಿಲ್ಲ. ಚಪ್ಪಲಿ, ಸೂಜಿ, ಹಾಸಿಗೆ ಎಲ್ಲವೂ ನಮ್ಮದು. ಪಟ್ಟಣದಿಂದ ಬಂದ ಹೊಸ ಸಿಸ್ಟರುಗಳು “ನನ್ನ ಪೆನ್ನು” ಎಂದು ನಾಲಗೆ ಕಚ್ಚಿಕೊಳ್ಳುತ್ತಿದ್ದರು. ಇನ್ನಾಸಮ್ಮ ಹುಟ್ಟಿದಾಗಿನಿಂದ ನಮ್ಮ ಎಮ್ಮೆ, ನಮ್ಮ ಹೊಲ, ನಮ್ಮ ಅಣ್ಣ ಎಂದೇ ಮಾತಾಡಿದ್ದವಳು. ಒಂದು ಸಲವೂ ತಪ್ಪಲಿಲ್ಲ.

ಬಾಗಿಲ ಪಕ್ಕದ ಮೇಜು ಅವಳನ್ನು ನೋಯಿಸಲಿಲ್ಲವೇ ಎಂದರೆ, ನೋಯಿಸಿತು. ಮೇಜಲ್ಲ, ಅದರ ಜೊತೆಗಿನ ಇನ್ನೊಂದು ಸಂಗತಿ. ಯಾರೂ ಅವಳನ್ನು ಏನನ್ನೂ ಕೇಳುತ್ತಿರಲಿಲ್ಲ. ಹಸುವಿಗೆ ಜ್ವರ ಬಂದರೆ ಪಟ್ಟಣದ ಡಾಕ್ಟರಿಗೆ ಹೇಳಿ ಕಳಿಸುವರು. ಹಸುವಿನ ಹತ್ತಿರ ನಿಂತವಳನ್ನು ಕೇಳುವುದಿಲ್ಲ. ಅವಳು ತನ್ನಷ್ಟಕ್ಕೆ ಕಷಾಯ ಕುಡಿಸಿ, ಡಾಕ್ಟರು ಬರುವಷ್ಟರಲ್ಲಿ ಹಸುವನ್ನು ಎಬ್ಬಿಸಿ ನಿಲ್ಲಿಸಿರುವಳು. ಡಾಕ್ಟರು ಏನಾಗಿತ್ತೆಂದು ಕೇಳಿದರೆ ಹೇಳುವಳು; ಕೇಳದಿದ್ದರೆ ಇಲ್ಲ.

1957ರ ಬೇಸಿಗೆಯಲ್ಲಿ ಮಠದ ಬಾವಿ ಬತ್ತಿತು. ದಿಣ್ಣೆಯ ಮೇಲೆ ನೀರು ಯಾವಾಗಲೂ ಕಡಿಮೆಯೇ. ಆ ವರ್ಷ ಬಿಂದಿಗೆ ಬಿಟ್ಟರೆ ಕೆಸರು ಬರತೊಡಗಿತು. ಶಾಲೆಯ ಮಕ್ಕಳು ಬೇರೆ ನೂರಿಪ್ಪತ್ತು. ಕೆಲಸದ ಸಿಸ್ಟರುಗಳು ದಿನಕ್ಕೆ ನಾಲ್ಕು ಸಲ ಕೋಗಿಲಿನ ಬಾವಿಗೆ ಇಳಿದು ನೀರು ಹೊತ್ತು ತಂದರು.

ಪಟ್ಟಣದಿಂದ ಒಬ್ಬ ಎಂಜಿನಿಯರನ್ನು ಕರೆಸಿದರು. ಆತ ನಕ್ಷೆ ಹರಡಿ, ಅಳತೆ ಹಿಡಿದು, ದೇವಾಲಯದ ಹಿಂದೆ ಒಂದು ಜಾಗ ಗುರುತು ಮಾಡಿದ. ಕೋಗಿಲಿನ ಚಿಕ್ಕಹನುಮಯ್ಯ ತನ್ನ ಆಳುಗಳೊಂದಿಗೆ ತೋಡಲು ಬಂದ. ಹದಿನೈದು ಅಡಿಗೆ ಕಲ್ಲು ಸಿಕ್ಕಿತು. ಮದ್ದು ಇಟ್ಟು ಸಿಡಿಸಿದರು. ಮತ್ತೆ ಕಲ್ಲು. ಮೂವತ್ತು ಅಡಿಗೂ ಅದೇ ಕಲ್ಲು, ಒಣಗಿದ್ದು. ಮೇಲಿನ ಸಿಸ್ಟರುಗಳ ಸಭೆಯಲ್ಲಿ ಮಠವನ್ನೇ ಇಲ್ಲಿಂದ ಎತ್ತಿ ಪಟ್ಟಣಕ್ಕೆ ಹೋಗುವ ಮಾತು ಬಂತು. ಶಾಲೆಯ ಹೆಡ್‌ಮಿಸ್ಟ್ರೆಸ್ ಸಿಸ್ಟರ್ ಬೆನಿಗ್ನಾ ಅದನ್ನು ಗಟ್ಟಿಯಾಗಿ ಹೇಳಿದರಂತೆ. ಮಂಗಳೂರಿನವರು, ಬಿ.ಎ. ಓದಿದವರು, ಮನಸ್ಸಿಗೆ ಬಂದದ್ದನ್ನು ಒಳಗಿಟ್ಟುಕೊಳ್ಳುವ ಜಾಯಮಾನವಲ್ಲ.

ಆ ಮಾತು ಅಡಿಗೆಮನೆಗೂ ಬಂತು. ಇನ್ನಾಸಮ್ಮನಿಗೆ ಎರಡು ದಿನ ಊಟ ಸೇರಲಿಲ್ಲ. ಮಠದ ಹೊಲದ ಕೆಳಗಿನ ಮೂಲೆ ಅವಳಿಗೆ ಅಂಗೈಯಷ್ಟು ಚೆನ್ನಾಗಿ ಗೊತ್ತಿತ್ತು. ಐದು ವರ್ಷ ಅಲ್ಲೇ ದನ ಬಿಟ್ಟಿದ್ದಳು. ಏಪ್ರಿಲ್ ತಿಂಗಳಿನಲ್ಲೂ ಅಲ್ಲಿ ಗರಿಕೆ ಸಾಯುವುದಿಲ್ಲ. ಒಂದು ಕುರುಚಲು ಅತ್ತಿ ಗಿಡವಿದೆ, ಅದರ ಬುಡದಲ್ಲಿ ಹುತ್ತ. ಹಸುಗಳು ಇಡೀ ಹೊಲ ಬಿಟ್ಟು ಅಲ್ಲೇ ಹೋಗಿ ಮಲಗುತ್ತವೆ. ತಂದೆ ಇದ್ದಿದ್ದರೆ ನಾಲ್ಕು ದಿನವೂ ಬೇಕಾಗುತ್ತಿರಲಿಲ್ಲ. ಆದರೆ ಕೆಲಸದ ಸಿಸ್ಟರು ತಾನಾಗಿ ಮದರ್ ಬಳಿ ಹೋಗಿ ಹೀಗೆ ಮಾಡಿ ಎಂದು ಹೇಳುವುದು ಅಲ್ಲಿ ಇಲ್ಲದ ರೂಢಿ.

ಹೇಳಲು ಒಂದೇ ಒಂದು ದಾರಿಯಿತ್ತು. ಶುಕ್ರವಾರ ಮಧ್ಯಾಹ್ನ ಎಲ್ಲರೂ ಸೇರಿ ತಂತಮ್ಮ ತಪ್ಪು ಒಪ್ಪಿಕೊಳ್ಳುವ ಪದ್ಧತಿ. ಒಬ್ಬೊಬ್ಬರೇ ಮದರ್ ಮುಂದೆ ಮೊಣಕಾಲೂರಿ, ಆ ವಾರ ಮಾಡಿದ ತಪ್ಪುಗಳನ್ನು ಎಲ್ಲರಿಗೂ ಕೇಳುವಂತೆ ಹೇಳಬೇಕು. ಬಾಗಿಲು ದಡಾರನೆ ಹಾಕಿದೆ, ಪ್ರಾರ್ಥನೆಗೆ ತಡವಾಗಿ ಬಂದೆ, ಮೌನದ ಹೊತ್ತಿನಲ್ಲಿ ನಕ್ಕೆ, ಇಂಥವು. ಮದರ್ ಒಂದು ಪ್ರಾಯಶ್ಚಿತ್ತ ಹೇಳುವರು. ಅಲ್ಲಿಗೆ ಮುಗಿಯಿತು. ಕೆಲಸದವರ ಸರದಿ ಕೊನೆಗೆ.

ಇನ್ನಾಸಮ್ಮ ಮೊಣಕಾಲೂರಿದಳು.

“ಈ ವಾರ ಒಂದು ಲೋಟ ಒಡ್ದೆ, ಮದರ್. ಮೆಟ್ಲು ಮ್ಯಾಲೆ ಓಡ್ದೆ.” ತಲೆ ಎತ್ತಿ ಮದರ್ ಮುಖ ನೋಡಿದಳು. “ಇನ್ನೊಂದೈತೆ. ದಿನಾ ನೀರು ತರುವಾಗ ಆ ಒಸ ಬಾವಿ ಪಕ್ಕ ಬತ್ತೀನಲ್ಲ, ಆವಾಗೆಲ್ಲ ಮನಸ್ನಾಗೆ ಅಂದ್ಕೊಂಡಿವ್ನಿ, ಇಲ್ಲಿ ನೀರು ಬರಾಕಿಲ್ಲ, ಮದರ್ ತಪ್ಪು ಜಾಗದಾಗೆ ತೋಡುಸ್ತಾವ್ರೆ ಅಂತ.”

ಕೋಣೆಯಲ್ಲಿ ಯಾರೋ ಕೆಮ್ಮಿದರು. ಕನ್ನಡ ಬಾರದ ಇಬ್ಬರು ಪಕ್ಕದವರ ಮುಖ ನೋಡಿದರು.

ಮದರ್ ಕ್ಲೊಟಿಲ್ಡಾ ಕೇಳಿದರು: “ಈ ಆಲೋಚನೆ ನಿನಗೆ ಎಷ್ಟು ಸಲ ಬಂದಿತು?”

“ಹೋಗ್ತಾ ನಾಕು ಸಲ, ಬತ್ತಾ ನಾಕು ಸಲ. ಮೂರು ವಾರದಿಂದ.”

“ಮೂರು ದಿವಸ ನೆಲದ ಮೇಲೆ ಮೊಣಕಾಲೂರಿ ಊಟ ಮಾಡು,” ಎಂದರು ಮದರ್.

ಇನ್ನಾಸಮ್ಮ ಮೂರು ದಿನ ಊಟದ ಕೋಣೆಯ ನಡುವೆ ನೆಲದ ಮೇಲೆ ಮೊಣಕಾಲೂರಿ, ತಟ್ಟೆಯನ್ನು ಸ್ಟೂಲಿನ ಮೇಲಿಟ್ಟುಕೊಂಡು ಉಂಡಳು. ಚೆನ್ನಾಗಿಯೇ ಉಂಡಳು. ಹೇಳಬೇಕಾದ್ದನ್ನು ಹೇಳಿ ಆಗಿತ್ತು, ಹಸಿವು ತಿರುಗಿ ಬಂದಿತ್ತು. ನಾಲ್ಕನೆಯ ದಿನ ಪೂಜೆ ಮುಗಿದ ಕೂಡಲೇ ಮದರ್ ಅವಳನ್ನು ಹೊರಗೆ ಕರೆದರು.

“ಪ್ರಾಯಶ್ಚಿತ್ತ ಮುಗಿಯಿತು. ಈಗ ಸರಿಯಾದ ಸ್ಥಳವನ್ನು ತೋರಿಸು.”

ಇಬ್ಬರೂ ಹೊಲಕ್ಕೆ ಇಳಿದರು. ಇನ್ನಾಸಮ್ಮ ಗರಿಕೆ ತೋರಿಸಿದಳು, ಅತ್ತಿ ಗಿಡ ತೋರಿಸಿದಳು, ಹುತ್ತದ ಮಣ್ಣನ್ನು ಮುರಿದು ಮದರ್ ಕೈಗೆ ಕೊಟ್ಟಳು. ಮಣ್ಣು ತಣ್ಣಗಿತ್ತು. ಮದರ್ ಅದನ್ನು ಬೆರಳಿನಲ್ಲಿ ಉಜ್ಜಿ ನೋಡಿ, “ನನ್ನ ತಂದೆಯೂ ರೈತ,” ಎಂದಷ್ಟೇ ಹೇಳಿದರು.

ಅದೇ ವಾರ ಚಿಕ್ಕಹನುಮಯ್ಯ ಹಾರೆ ಗುದ್ದಲಿಗಳನ್ನು ಹೊಲದ ಆ ಮೂಲೆಗೆ ಸಾಗಿಸಿದ. ಸಿಸ್ಟರ್ ಬೆನಿಗ್ನಾ ಅಂಗಳದಲ್ಲೇ ಇನ್ನಾಸಮ್ಮನನ್ನು ತಡೆದು ಹೇಳಿದರು: “ಎಂತ ಮಾರಾಯ್ತಿ ಇದು? ನಿನ್ನ ಹಸು ಮಲಗಿದಲ್ಲಿ ಬಾವಿ ತೋಡುವುದಾ?”

“ಹಸು ಸುಮ್ನೆ ಮಲಗಾಕಿಲ್ಲ, ಸಿಸ್ಟರ್,” ಎಂದಳು ಇನ್ನಾಸಮ್ಮ.

ಇಪ್ಪತ್ತೆಂಟು ಅಡಿಯವರೆಗೆ ಮಣ್ಣು ಸಲೀಸಾಗಿ ಬಂತು. ಅಲ್ಲಿ ಅಡ್ಡಲಾಗಿ ಕಲ್ಲು ಸಿಕ್ಕಿತು. ಚಿಕ್ಕಹನುಮಯ್ಯ ಮೇಲೆ ಬಂದು ಬೆವರು ಒರೆಸಿಕೊಂಡ. “ಇಲ್ಲೂ ಬಂಡೆನೇ ಕಣವ್ವ. ಇನ್ನು ಆಗಕ್ಕಿಲ್ಲ.” ಸುದ್ದಿ ಕೇಳಿ ಮದರ್ ಬಂದರು, ಬೆನಿಗ್ನಾ ಬಂದರು, ಶಾಲೆ ಬಿಟ್ಟಿದ್ದರಿಂದ ಉಳಿದವರೂ ಒಬ್ಬೊಬ್ಬರಾಗಿ ಬಂದು ನಿಂತರು.

ಇನ್ನಾಸಮ್ಮ ಮದರ್ ಕಡೆ ತಿರುಗಿದಳು. “ನಾ ಇಳ್ದು ನೋಡ್ಲಾ?”

ಮದರ್ ಬಾವಿಯ ಅಂಚಿಗೆ ಬಂದು ಬಗ್ಗಿ ನೋಡಿದರು. “ಬಾವಿಗೆ ಇಳಿಯಬಾರದು ಎಂದು ನಮ್ಮ ನಿಯಮಗಳಲ್ಲಿ ಎಲ್ಲಿಯೂ ಬರೆದಿಲ್ಲ,” ಎಂದರು.

ಅವಳು ಏಪ್ರನ್ನನ್ನು ಬಿಗಿಯಾಗಿ ಸುತ್ತಿ, ಉಡುಪಿನ ಅಂಚನ್ನು ಸೊಂಟಕ್ಕೆ ಸಿಕ್ಕಿಸಿ, ಹಗ್ಗ ಹಿಡಿದು ಇಳಿದಳು. ತಳದಲ್ಲಿ ಕೂತು ಕಲ್ಲನ್ನು ಸುತ್ತಿಗೆಯಿಂದ ಮೆಲ್ಲಗೆ ಬಡಿದು ಕಿವಿಗೊಟ್ಟಳು. ಹಾಸುಬಂಡೆಯಾದರೆ ಸದ್ದು ಗಟ್ಟಿ, ಇದು ಟೊಳ್ಳಾಗಿತ್ತು. ಅಂಚಿನಲ್ಲಿ ಬೆರಳಿನಿಂದ ಮಣ್ಣು ಕೆದಕಿದಳು. ಕಲ್ಲು ಬಾಗಿ ಕೆಳಕ್ಕೆ ಇಳಿದಿತ್ತು, ಅದರ ಹೊಟ್ಟೆಯಡಿ ಮಣ್ಣು ಒದ್ದೆ. ಮೇಲಕ್ಕೆ ಕೂಗಿ ಹೇಳಿದಳು: “ಅನುಮಯ್ಯಣ್ಣ, ಇದು ಬಂಡೆ ಅಲ್ಲ, ಗುಂಡು. ಸುತ್ತ ಬಿಡ್ಸಿ ಎತ್ತಿ.”

ಗುಂಡನ್ನು ಬಿಡಿಸಲು ಎರಡು ದಿನ ಹಿಡಿಯಿತು. ಹಗ್ಗ ಕಟ್ಟಿ ಹತ್ತು ಜನ ಎಳೆದರು. ಅದು ಎದ್ದ ಜಾಗದಲ್ಲಿ ಮೊದಲು ಕೆಸರು, ಆಮೇಲೆ ಕಲಕಿದ ನೀರು, ಸಂಜೆಯ ಹೊತ್ತಿಗೆ ಮೊಣಕಾಲುದ್ದ ನೀರು. ಮೂವತ್ತಾರು ಅಡಿಗೆ ತಂದು ನಿಲ್ಲಿಸಿದಾಗ ಆಳುದ್ದ ನಿಂತಿತ್ತು. ಚಿಕ್ಕಹನುಮಯ್ಯ ಮೊದಲ ಬಿಂದಿಗೆಯನ್ನು ಅವಳ ಕೈಗೇ ಕೊಟ್ಟ. ಅವಳು ಅದನ್ನು ಹೊತ್ತುಕೊಂಡು ಹೋಗಿ ಹಸುಗಳ ಮುಂದಿಟ್ಟಳು.

ಪಟ್ಟಣಕ್ಕೆ ಹೋಗುವ ಮಾತು ಅಲ್ಲಿಗೆ ನಿಂತಿತು. ಸಿಸ್ಟರ್ ಬೆನಿಗ್ನಾ ಮರುದಿನ ಅಡಿಗೆಮನೆಗೆ ಬಂದು, ಬಾಗಿಲಲ್ಲಿ ನಿಂತು, “ನಾನು ಹಾಗೆ ಹೇಳಬಾರದಿತ್ತು, ಜೀಟಾ,” ಎಂದರು. ಅವರ ಬಾಯಲ್ಲಿ ಅಂಥ ಮಾತು ಬರುವುದು ವರ್ಷಕ್ಕೊಮ್ಮೆ. ಇನ್ನಾಸಮ್ಮ, “ನೀವು ಹೇಳಿದ್ದು ನಂಗೆ ನಗು ಬಂತು, ಸಿಸ್ಟರ್. ಬೇಜಾರಾಗ್ಲಿಲ್ಲ,” ಎಂದಳು. ಅದು ಪೂರ್ತಿ ನಿಜವಲ್ಲ, ಆದರೂ ಹೇಳಿದಳು.

ಕಟ್ಟಳೆಯೇನೂ ಬದಲಾಗಲಿಲ್ಲ. ಅವಳ ಜಾಗ ಬಾಗಿಲ ಪಕ್ಕದ ಮೇಜಿನಲ್ಲೇ ಉಳಿಯಿತು. ಆದರೆ ಅಂದಿನಿಂದ ಹೊಲದ ವಿಷಯ, ದನದ ವಿಷಯ, ಮಳೆಯ ವಿಷಯ ಬಂದಾಗ ಮದರ್ ಹಿತ್ತಲಿಗೆ ಬಂದು, “ನಿನ್ನ ಅಭಿಪ್ರಾಯವೇನು?” ಎಂದು ಕೇಳುವರು. ಒಂಬತ್ತು ವರ್ಷ ಹೀಗೆ ಕೇಳಿದರು. ದಿಣ್ಣೆಯ ಮೇಲೆ ಮಾವು, ಹಲಸು, ನಿಂಬೆ ಬಂದವು. ಯಲಹಂಕದಿಂದ ಬರುವವರಿಗೆ ದೂರದಿಂದಲೇ ಹಸಿರು ಕಾಣತೊಡಗಿತು.

1966ರಲ್ಲಿ ಫ್ರಾನ್ಸಿನ ಮೂಲಮಠದಿಂದ ಒಂದು ಕಾಗದ ಬಂತು. ರೋಮಿನಲ್ಲಿ ಧರ್ಮಗುರುಗಳ ಮಹಾಸಭೆ ಮುಗಿದಿತ್ತು, ಹಳೆಯ ಕಟ್ಟಳೆಗಳು ಒಂದೊಂದಾಗಿ ಸಡಿಲಾಗುತ್ತಿದ್ದವು. ಇನ್ನು ಮುಂದೆ ಮಠದಲ್ಲಿ ಎರಡು ಬಗೆಯ ಸಿಸ್ಟರುಗಳು ಇಲ್ಲ. ಎಲ್ಲರಿಗೂ ಒಂದೇ ಉಡುಪು, ಒಂದೇ ಪ್ರಾರ್ಥನೆ, ಸಭೆಯಲ್ಲಿ ಒಂದೇ ಮತ. ಲತೀನಿನ ಬದಲು ಪ್ರಾರ್ಥನೆಗಳು ಕನ್ನಡದಲ್ಲಿ. ಮದರ್ ಕಾಗದವನ್ನು ಎರಡು ಸಲ ಓದಿದರು, ಒಂದು ಸಲ ಫ್ರೆಂಚಿನಲ್ಲಿ, ಒಂದು ಸಲ ತಮ್ಮ ಅಚ್ಚಿನ ಕನ್ನಡದಲ್ಲಿ.

ಎರಡು ಮೇಜುಗಳನ್ನು ಸೇರಿಸುವುದು ಮೊದಲ ಕೆಲಸವಾಯಿತು. ಪಕ್ಕ ಪಕ್ಕ ಇಟ್ಟು ನೋಡಿದರೆ ಕೆಳಗಿನ ಮೇಜು ನಾಲ್ಕು ಬೆರಳು ಕುಳ್ಳು. ಹದಿನೈದು ವರ್ಷ ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಯಲಹಂಕದ ಬಡಗಿ ಜಹೀರ್ ಬಂದು ಅದರ ನಾಲ್ಕು ಕಾಲಿಗೂ ತುಂಡು ಕೂಡಿಸಿ ಸಮ ಮಾಡಿ ಹೋದ.

ಎಲ್ಲರೂ ಸಂತೋಷಪಟ್ಟರು ಎನ್ನಲಾಗದು. ಎಪ್ಪತ್ತು ದಾಟಿದ ಅಡಿಗೆಯ ಸಿಸ್ಟರ್ ಮಾರ್ತಾ ಒಲೆಯ ಮುಂದೆ ಕೂತು ಅತ್ತರು. “ನಂಗೆ ಬಾಗ್ಲ ತಾವೇ ಚೆನ್ನಾಗಿತ್ತು. ಆ ಓದಿರೋರ ಮಧ್ಯೆ ನಾನ್ಯಾಕೆ ಕೂತ್ಕೊಳ್ಲಿ?”

ಇನ್ನಾಸಮ್ಮ ಪಕ್ಕದಲ್ಲಿ ಕೂತಳು. “ನೀವು ಮಾಡಿದ ಸಾರು ಹದಿನೈದು ವರ್ಸದಿಂದ ಅವರ ಮಧ್ಯೆನೇ ಕೂತದೆ. ನೀವು ಕೂತ್ರೆ ಏನಾಯ್ತದೆ? ನನ್ ಪಕ್ಕ ಬನ್ನಿ.”

ಮಾರ್ತಾ ಬಂದು ಕೂತರು. ಮೊದಲ ವಾರ ತಲೆ ಎತ್ತಲಿಲ್ಲ. ಎರಡನೆಯ ವಾರ ಪಕ್ಕದ ಟೀಚರ್ ಸಿಸ್ಟರು ಉಪ್ಪಿಗೆ ಸನ್ನೆ ಮಾಡಿದಾಗ, ಉಪ್ಪು ಸರಿಯಾಗಿಯೇ ಇದೆ ಎಂದು ತಲೆಯಾಡಿಸಿ ಡಬ್ಬಿ ಕೊಡದೆ ಕೂತರು. ಅದನ್ನು ಕಂಡು ಮೇಜಿನ ಆ ತುದಿಯವರೆಗೂ ನಗು ಹರಿಯಿತು.

ಓದುವ ಸರದಿಯೂ ಎಲ್ಲರಿಗೂ ಬಂತು. ಅಲ್ಲಿಯವರೆಗೆ ಊಟದ ಹೊತ್ತಿನ ಓದು ಇಂಗ್ಲೀಷಿನಲ್ಲಿ. ಇನ್ನಾಸಮ್ಮ ಹದಿನಾಲ್ಕು ವರ್ಷ ಅದನ್ನು ಮಳೆಯ ಸದ್ದಿನಂತೆ ಕೇಳಿದ್ದಳು. ಯಾರು ಸತ್ತರು, ಯಾರು ಗೆದ್ದರು ಒಂದೂ ತಿಳಿಯದು. ಈಗ ಕನ್ನಡದ ಪುಸ್ತಕ. ಮೂರನೆಯ ತರಗತಿಯ ಅಕ್ಷರ ಅವಳಲ್ಲಿ ತುಕ್ಕು ಹಿಡಿದು ಕೂತಿತ್ತು. ಸಂಜೆ ಹೊತ್ತು ಬೆನಿಗ್ನಾ ಅವಳನ್ನು ಕೂರಿಸಿಕೊಂಡು ಓದಿಸಿದರು. ಮಕ್ಕಳಿಗೆ ಬೈಯುವಂತೆ ಬೈದರು. “ಒತ್ತಕ್ಷರ ನುಂಗಬೇಡ. ಅದು ರಾಗಿಮುದ್ದೆಯಾ ನುಂಗಲಿಕ್ಕೆ?”

ಅವಳ ಸರದಿ ಬಂದದ್ದು ಒಂದು ಗುರುವಾರ. ಪೀಠ ಹತ್ತಿ, ಪುಸ್ತಕದ ಸಾಲಿನ ಕೆಳಗೆ ಬೆರಳಿಟ್ಟು, ಒಂದೊಂದೇ ಪದ ಇಳಿಸುತ್ತ ಓದಿದಳು. ಮೊದಲ ಪುಟ ಮುಗಿಯುವಷ್ಟರಲ್ಲಿ ಅನ್ನ ಆರಿತ್ತು. ಎರಡನೆಯ ಪುಟದ ನಡುವೆ ಒಂದು ಉದ್ದನೆಯ ಪದ ಬಂತು. ಒಂದು ಸಲ ಯತ್ನಿಸಿದಳು, ಇನ್ನೊಂದು ಸಲ ಯತ್ನಿಸಿದಳು. ಚಮಚಗಳು ನಿಂತವು. ಮಾರ್ತಾ ಕಣ್ಣು ಮುಚ್ಚಿಕೊಂಡರು.

ಇನ್ನಾಸಮ್ಮ ತಲೆ ಎತ್ತಿದಳು. “ಈ ಪದ ನಂಗೆ ಬರ್ತಿಲ್ಲ. ಯಾರಾದ್ರೂ ಹೇಳ್ಕೊಡಿ,” ಎಂದಳು.

ಊಟದ ಕೋಣೆಯ ಮೌನದಲ್ಲಿ ಹಾಗೆ ಕೇಳಿದವರು ಆವರೆಗೆ ಯಾರೂ ಇರಲಿಲ್ಲ. ಬೆನಿಗ್ನಾ ಎದ್ದು ಹೋಗಿ ಪುಸ್ತಕ ನೋಡಿದರು. “ಪ್ರಾತಃಸ್ಮರಣೀಯ,” ಎಂದರು. ಇನ್ನಾಸಮ್ಮ ಅದನ್ನು ಮೂರು ಸಲ ಬಾಯಲ್ಲಿ ಆಡಿಸಿಕೊಂಡು, ಸಾಲನ್ನು ಮೊದಲಿನಿಂದ ಓದಿದಳು, ಅಧ್ಯಾಯ ಮುಗಿಸಿ ಇಳಿದಳು. ಆಮೇಲಿನ ತಿಂಗಳುಗಳಲ್ಲಿ ಬೇರೆಯವರೂ ಗೊತ್ತಿಲ್ಲದ ಪದಕ್ಕೆ ನಿಲ್ಲಿಸಿ ಕೇಳತೊಡಗಿದರು. ಪಟ್ಟಣದ ಸಿಸ್ಟರುಗಳಿಗೂ ಕನ್ನಡದಲ್ಲಿ ಗೊತ್ತಿಲ್ಲದ್ದು ಎಷ್ಟೋ ಇತ್ತು. ಇಲ್ಲಿಯವರೆಗೆ ನುಂಗಿಕೊಂಡು ಓದುತ್ತಿದ್ದರು, ಅಷ್ಟೇ.

ಮದರ್ ಕ್ಲೊಟಿಲ್ಡಾ ವಯಸ್ಸಾಗಿ ಅಧಿಕಾರ ಬಿಟ್ಟು, ದಿಣ್ಣೆಯ ಮೇಲೆಯೇ ಉಳಿದರು. 1968ರ ಕೊನೆಗೆ ಬಾಗಲೂರಿನ ಕೆಲವರು ಬಂದು, ನಮ್ಮೂರಿಗೂ ಸಿಸ್ಟರುಗಳನ್ನು ಕಳಿಸಿ, ಮಕ್ಕಳಿಗೆ ಏನಾದರೂ ಮಾಡಿ ಎಂದು ಕೇಳಿಕೊಂಡರು. ಮಠದವರು ಒಪ್ಪಿದರು. ನಾಲ್ವರನ್ನು ಕಳಿಸಿ ಒಂದು ಚಿಕ್ಕ ಮಠ ಶುರು ಮಾಡುವುದೆಂದಾಯಿತು. ಅದರ ಹಿರಿಯಳು ಯಾರಾಗಬೇಕು ಎಂಬುದಕ್ಕೆ ಹೊಸ ಕಟ್ಟಳೆಯ ಪ್ರಕಾರ ಚೀಟಿ ಹಾಕಿದರು. ಮೂವತ್ತೊಂದು ಚೀಟಿಯಲ್ಲಿ ಹತ್ತೊಂಬತ್ತರಲ್ಲಿ ಒಂದೇ ಹೆಸರು: ಜೀಟಾ.

ಒಬ್ಬ ಸಿಸ್ಟರು ಎದ್ದು, ಕೊಂಕಿಲ್ಲದೆಯೇ ಕೇಳಿದರು: “ಇವರಿಗೆ ಇಂಗ್ಲೀಷ್ ಬರುವುದಿಲ್ಲ. ಮೂಲಮಠಕ್ಕೆ, ಸರ್ಕಾರಕ್ಕೆ ಕಾಗದ ಬರೆಯುವುದು ಹೇಗೆ?”

ಎಲ್ಲರೂ ಇನ್ನಾಸಮ್ಮನ ಕಡೆ ನೋಡಿದರು. ಅವಳು ಎದ್ದಳು. “ಅದು ನಿಜ. ನಂಗೆ ಕಾಗದ ಬರೆಯಾಕೆ ಬರಾಕಿಲ್ಲ. ಊರಿನ ಜನದ ಜೊತೆ ಮಾತಾಡಾಕೆ ಬತ್ತದೆ, ಮನೆ ನಡ್ಸಾಕೆ ಬತ್ತದೆ. ಕಾಗದ ಬರಿಯೋರು ಒಬ್ರು ನನ್ ಜೊತೆ ಬಂದ್ರೆ ನಾ ಓಯ್ತೀನಿ.”

ಬೆನಿಗ್ನಾ ಕೂತಲ್ಲಿಂದಲೇ ಹೇಳಿದರು: “ನಾನು ಬರುತ್ತೇನೆ. ಹೆಡ್‌ಮಿಸ್ಟ್ರೆಸ್ ಕೆಲಸ ಬೇರೆಯವರಿಗೆ ಕೊಡಿ. ಹನ್ನೊಂದು ವರ್ಷದ ಹಿಂದೆ ನಾನು ಹೇಳಿದ ಹಾಗೆ ಕೇಳಿದ್ದರೆ ಇಲ್ಲಿ ಈ ಮಠವೇ ಇರುತ್ತಿರಲಿಲ್ಲ. ಇವಳು ಹೇಳಲಿ, ನಾನು ಬರೆಯುತ್ತೇನೆ.”

ಅಲ್ಲಿಗೆ ಮಾತು ಮುಗಿಯಿತು. ಹೊರಡುವ ದಿನ ಮದರ್ ಕ್ಲೊಟಿಲ್ಡಾ ಕೋಲು ಊರಿಕೊಂಡು ಗೇಟಿನವರೆಗೆ ಬಂದರು. “ನಿನಗೆ ಭಯವಿದೆಯೇ?” ಎಂದು ಕೇಳಿದರು.

“ಇಲ್ಲ ಮದರ್. ಇದ್ರೆ ಶುಕ್ರವಾರ ಹೇಳ್ತಿದ್ದೆ,” ಎಂದಳು ಇನ್ನಾಸಮ್ಮ. ಮುದುಕಿ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು.

ಬಾಗಲೂರಿನಲ್ಲಿ ಸಿಕ್ಕಿದ್ದು ಲಕ್ಷ್ಮಿದೇವಮ್ಮ ಎಂಬವರ ಹಳೆಯ ಮನೆ, ಮೂರು ಅಂಕಣದ್ದು. ನಾಲ್ವರು ಸೇರಿ ಸುಣ್ಣ ಬಳಿಯತೊಡಗಿದರು. ಮೂರನೆಯ ದಿನ ಊರಿನ ಹಿರಿಯ ಮುನಿವೆಂಕಟಯ್ಯ ಬಂದ. ಕನ್ನಡಕ ಹಾಕಿಕೊಂಡ, ಬೆಳ್ಳಗಿನ ಬೆನಿಗ್ನಾ ಅವರೇ ದೊಡ್ಡವರೆಂದು ಅವರ ಮುಂದೆ ನಿಂತು ಕೈಮುಗಿದ. ಬೆನಿಗ್ನಾ, “ನಮ್ಮಲ್ಲಿ ಹಿರಿಯರು ಅವರು,” ಎಂದು ಸುಣ್ಣದ ಕೈಯಲ್ಲಿ ನಿಂತಿದ್ದ ಇನ್ನಾಸಮ್ಮನನ್ನು ತೋರಿಸಿದರು.

ಮುನಿವೆಂಕಟಯ್ಯ ಅವಳನ್ನು ಮೇಲಿನಿಂದ ಕೆಳಗೆ ನೋಡಿದ. “ಯಾವೂರು ತಾಯಿ ನಿಮ್ಮದು?”

“ಚಿಕ್ಕಜಾಲದ ಕಡೆ. ತೋಟದ ರಾಯಪ್ಪನ ಮಗಳು.”

“ಓ, ಬಾವಿ ರಾಯಪ್ಪ,” ಎಂದು ಅವನು ಜಗಲಿಯ ಮೇಲೆ ಕೂತ. ಆಮೇಲೆ ಅವನ ದನಿ ಬೇರೆಯಾಯಿತು. “ಏನ್ ಬೇಕು ಹೇಳಿ ತಾಯಿ. ಆಗೋದಿದ್ರೆ ಮಾಡೋಣ.”

“ಊರ ಚಾವಡಿಗೆ ಬೀಗ ಹಾಕವ್ರಲ್ಲ, ಅದು ಬೇಕು. ಹೆಂಗಸ್ರು ಕೆಲಸಕ್ಕೆ ಹೋದಾಗ ಚಿಕ್ಕ ಮಕ್ಕಳು ರಸ್ತೇ ಮೇಲೆ ಇರ್ತವೆ. ಬೆಳಿಗ್ಗೆಯಿಂದ ಸಂಜೆಗಂಟ ಅಲ್ಲಿಟ್ಕೊಂಡು ನೋಡ್ಕೊತೀವಿ. ಅಕ್ಷರ ಕಲಿಸ್ತೀವಿ.”

“ನಾಕ್ ಜನ ಸೇರಿ ಮಾತಾಡ್ಬೇಕು. ಮುಂದಿನ ವಾರ ಹೇಳ್ತೀನಿ.”

“ಮಾತಾಡಿ, ಬೇಡ ಅನ್ನಲ್ಲ. ಆದ್ರೆ ಮಕ್ಕಳಿಗೆ ನಾಳೆನೇ ಬನ್ನಿ ಅಂತ ಹೇಳಿಬಿಟ್ಟಿವ್ನಿ. ಬೀಗದಕೈ ಇವತ್ತೇ ಕಳ್ಸಿ. ಬೇಡ ಅಂತ ಆದ್ರೆ ಮುಂದಿನ ವಾರ ವಾಪಸ್ ಕೊಡ್ತೀನಿ.”

ಮುನಿವೆಂಕಟಯ್ಯ ಬೆನಿಗ್ನಾ ಕಡೆ ನೋಡಿದ. ಅವರು ಗೋಡೆಗೆ ಸುಣ್ಣ ಬಳಿಯುತ್ತಿದ್ದರು. ಅವನು ನಕ್ಕು ಎದ್ದುಹೋದ. ಸಂಜೆಯಾಗುವ ಮೊದಲು ಅವನ ಹೆಂಡತಿಯೇ ಬಂದು ಬೀಗದಕೈ ಕೊಟ್ಟಳು. ತನ್ನ ಮೊಮ್ಮಗುವನ್ನೂ ಕಳಿಸಬಹುದೇ ಎಂದು ಕೇಳಿದಳು.

ಮರುದಿನ ಬೆಳಿಗ್ಗೆ ಏಳಕ್ಕೆ ಚಾವಡಿ ಗುಡಿಸಿ, ಚಾಪೆ ಹಾಸಿ ಆಗಿತ್ತು. ಹದಿನಾಲ್ಕು ಮಕ್ಕಳು ಬಂದರು. ಹದಿನೈದನೆಯದು, ಪಕ್ಕದ ಬೀದಿಯ ಅಕ್ಬರಿಯ ಮಗಳು ರೆಹಾನಾ, ನಾಲ್ಕು ವರ್ಷದ ಹುಡುಗಿ, ಬಾಗಿಲಲ್ಲೇ ಕಂಬ ಹಿಡಿದು ನಿಂತಿತು. ಒಳಗೆ ಬರಲೂ ಒಲ್ಲದು, ತಾಯಿಯ ಜೊತೆ ಹೋಗಲೂ ಒಲ್ಲದು. ಅಕ್ಬರಿಗೆ ಕೆಲಸಕ್ಕೆ ಹೊತ್ತಾಗುತ್ತಿತ್ತು.

“ನೀವು ಹೋಗವ್ವ,” ಎಂದಳು ಇನ್ನಾಸಮ್ಮ. ಆಮೇಲೆ ಮಗುವಿನ ಪಕ್ಕದಲ್ಲಿ ಹೊಸ್ತಿಲ ಮೇಲೆ ಕಾಲು ಚಾಚಿ ಕೂತಳು. ಕರೆಯಲಿಲ್ಲ. ಬೀದಿಯಲ್ಲಿ ಕುರಿ ಮಂದೆಯೊಂದು ಹೋಗುತ್ತಿತ್ತು. ಅವಳು ಗಟ್ಟಿಯಾಗಿ ಎಣಿಸತೊಡಗಿದಳು: ಒಂದು, ಎರಡು, ಮೂರು. ಹನ್ನೊಂದಕ್ಕೆ ಮಗು ಕಂಬ ಬಿಟ್ಟು ಪಕ್ಕದಲ್ಲಿ ಕೂತಿತು. ಇಪ್ಪತ್ತಕ್ಕೆ ತಾನೂ ಎಣಿಸತೊಡಗಿತು, ತಪ್ಪು ತಪ್ಪಾಗಿ. ಒಳಗಿದ್ದ ಹದಿನಾಲ್ಕು ಮಕ್ಕಳೂ ಚಾಪೆ ಬಿಟ್ಟು ಹೊಸ್ತಿಲಿಗೆ ಬಂದವು. ಹಲಗೆಯ ಮೇಲೆ ಅ ಆ ಬರೆದು ಕಾದಿದ್ದ ಸಿಸ್ಟರ್ ಬೆನಿಗ್ನಾ ಸೀಮೆಸುಣ್ಣ ಕೆಳಗಿಟ್ಟು, ತಾವೂ ಹೊರಗೆ ಬಂದು ಕೂತರು.